ಶಾರ್ಕಿನ ಮೈಯೇ ಅದಕ್ಕೆ ಮುಳುವಾದ ಬಗೆ

(ಕರಾವಳಿಯ ಸಾರ್ವಜನಿಕ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಬೆಳಗಿನ ಹರಾಜು ನೋಡಿದವರಿಗೆ ಶಾರ್ಕ್ ಹೊಸ ಪ್ರಾಣಿಯಲ್ಲ. ತುಳುವಿನಲ್ಲಿ ತಾಟೆ, ಕೊಂಕಣಿಯಲ್ಲಿ ಮೋರಿ. ಬಂಗುಡೆ, ಬೂತಾಯಿ ಬುಟ್ಟಿಗಳ ಮಗ್ಗುಲಲ್ಲೇ ಅದೂ ಬಿದ್ದಿರುತ್ತದೆ. ಸಿನಿಮಾ ನೋಡಿ ನಾವು ಕಲಿತ ಶಾರ್ಕ್ ಮಾತ್ರ ಬೇರೆಯದೇ. ಅದು ಮನುಷ್ಯರನ್ನು ಹುಡುಕಿಕೊಂಡು ಬರುವ ರಾಕ್ಷಸ. ಇಡೀ ಪ್ರಪಂಚದಲ್ಲಿ ಶಾರ್ಕ್ ತಾನಾಗಿ ಮನುಷ್ಯರನ್ನು ಕಚ್ಚಿದ ಪ್ರಕರಣಗಳು ವರ್ಷಕ್ಕೆ ಸುಮಾರು 60ರಿಂದ 70. ಅವುಗಳಲ್ಲಿ ಸಾವಿನಲ್ಲಿ ಕೊನೆಗೊಳ್ಳುವವು ಸಾಮಾನ್ಯವಾಗಿ ಹತ್ತನ್ನೂ ಮೀರುವುದಿಲ್ಲ. ಮನುಷ್ಯರ ಕೈಯಲ್ಲಿ ಸಾಯುವ ಶಾರ್ಕ್‌ಗಳ ಲೆಕ್ಕ ಕೋಟಿಗಳಲ್ಲಿದೆ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಚೀನಾದ ಔತಣಗಳ ಸೂಪಿಗಾಗಿ ನಡೆಯುವ ಶಾರ್ಕ್ ರೆಕ್ಕೆಯ ವ್ಯಾಪಾರದ ಬಗ್ಗೆ ಮಾತು ಬಂದಾಗಲೆಲ್ಲ ಕ್ರೌರ್ಯದ ಚಿತ್ರಗಳನ್ನು ತೋರಿಸಿ ಮುಗಿಸುವುದು ರೂಢಿಯಾಗಿದೆ. ಕ್ರೌರ್ಯ ಇರುವುದು ನಿಜ. ಆದರೆ ಈ ವ್ಯಾಪಾರ ಯಾಕೆ ಹೀಗೇ ಬೆಳೆಯಿತು, ಯಾಕೆ ಇಷ್ಟು ಬೇಗ ಇಷ್ಟೊಂದು ಹಾನಿ ಮಾಡಿತು ಎನ್ನುವುದಕ್ಕೆ ಉತ್ತರ ಶಾರ್ಕಿನ ದೇಹದಲ್ಲೇ ಇದೆ. ನಲವತ್ತು ಕೋಟಿ ವರ್ಷ ಈ ಪ್ರಾಣಿಯ ವಂಶವನ್ನು ಕಾಪಾಡಿದ ಗುಣಗಳೇ ಬಲೆ, ಗಾಳ, ಮಾರುಕಟ್ಟೆಗಳ ಮುಂದೆ ಅದರ ದೌರ್ಬಲ್ಯಗಳಾದವು. ಹಾಗಾಗಿ ದೇಹದಿಂದಲೇ ಶುರು ಮಾಡುತ್ತೇನೆ.

ಶಾರ್ಕಿಗೆ ಮೂಳೆ ಇಲ್ಲ. ಅಸ್ಥಿಪಂಜರವೆಲ್ಲ ಮೃದ್ವಸ್ಥಿ, ಅಂದರೆ ನಮ್ಮ ಕಿವಿಯ ಹಾಲೆಯ ಮೇಲ್ಭಾಗದಲ್ಲೂ ಮೂಗಿನ ತುದಿಯಲ್ಲೂ ಇರುವ ಬಗೆಯ ವಸ್ತು. ಒತ್ತಡ ಬೀಳುವ ಕಡೆ ಅದಕ್ಕೆ ಸುಣ್ಣದ ಅಂಶ ಸೇರಿ ಗಟ್ಟಿಯಾಗಿರುತ್ತದೆ. ನಮ್ಮ ಚಪ್ಪಟೆ ಮೈಯ ತೊರಕೆ (ರೇ) ಮೀನುಗಳೂ ಇದೇ ಬಳಗದವು. ಈಗ ಗುರುತಿಸಿರುವ ಶಾರ್ಕ್ ಪ್ರಭೇದಗಳು ಐನೂರಕ್ಕೂ ಹೆಚ್ಚು. ಕತ್ತಲ ಆಳದಲ್ಲಿ ಮೈಯಿಂದ ತಾನೇ ಬೆಳಕು ಸೂಸುವ, ಗೇಣುದ್ದ ಮೀರದ ಶಾರ್ಕ್ ಇದೆ. ಹನ್ನೆರಡು ಮೀಟರಿಗೂ ಮೀರಿ ಬೆಳೆದು, ನೀರು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ತಿಮಿಂಗಿಲ ಶಾರ್ಕ್ ಇದೆ. ಈಗ ಬದುಕಿರುವ ಮೀನುಗಳಲ್ಲೇ ದೊಡ್ಡದು ಅದು. ಬಾಲವೇ ಮೈಯ ಅರ್ಧದಷ್ಟಿರುವ ಥ್ರೆಶರ್ ಶಾರ್ಕ್ ಆ ಬಾಲವನ್ನು ಚಾಟಿಯಾಗಿ ಬೀಸಿ ಸಣ್ಣ ಮೀನುಗಳನ್ನು ಬಡಿದು ಹಿಡಿಯುತ್ತದೆ. ಸಿಹಿನೀರಿನ ನದಿಗಳಲ್ಲಿ ನೂರಾರು ಕಿಲೋಮೀಟರ್ ಒಳಗೆ ಹೋಗುವ ಬುಲ್ ಶಾರ್ಕ್ ಇದೆ. ಇಷ್ಟೊಂದು ಬಗೆಯ ಬದುಕುಗಳನ್ನು ಶಾರ್ಕ್ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿ ಭಯಪಡುವುದು ನನಗೆ ಅನ್ಯಾಯವೆನಿಸುತ್ತದೆ.

ಅದರ ಚರ್ಮವನ್ನು ಮುಟ್ಟಿ ನೋಡಿ. ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ನುಣುಪು. ತಿರುಗಿಸಿ ಬಾಲದಿಂದ ತಲೆಯ ಕಡೆಗೆ ಸವರಿದರೆ ಅಂಗೈ ತರಚುತ್ತದೆ. ಅದರ ಹುರುಪೆಗಳು ಬೇರೆ ಮೀನುಗಳಂಥವಲ್ಲ. ಪ್ರತಿಯೊಂದೂ ಒಂದು ಪುಟ್ಟ ಹಲ್ಲು. ಒಳಗೆ ತಿರುಳು, ಸುತ್ತ ದಂತದ್ರವ್ಯ, ಮೇಲೆ ಎನಾಮಲ್‌ನಂಥ ಗಟ್ಟಿ ಹೊದಿಕೆ. ಎಲ್ಲವೂ ಹಿಂದಕ್ಕೆ ಬಾಗಿ ನಿಂತಿರುವುದರಿಂದ ಮೈಗೆ ಅಂಟಿ ಹರಿಯುವ ನೀರು ಕದಡುವುದು ಕಡಿಮೆಯಾಗುತ್ತದೆ, ಈಜಲು ಶಕ್ತಿ ಉಳಿಯುತ್ತದೆ. ಮರಗೆಲಸದವರು ಹಿಂದೆ ಒಣಗಿಸಿದ ಶಾರ್ಕ್ ಚರ್ಮದಿಂದಲೇ ಮರ ಉಜ್ಜುತ್ತಿದ್ದರು. ಬಾಯೊಳಗಿನ ಹಲ್ಲುಗಳೂ ದವಡೆಯ ಮೂಳೆಯಲ್ಲಿ ನೆಟ್ಟವಲ್ಲ. ಸಾಲಿನ ಹಿಂದೆ ಸಾಲು ತಯಾರಾಗಿ ನಿಂತಿದ್ದು, ಮುಂದಿನದು ಉದುರಿದಂತೆ ಹಿಂದಿನದು ಮುಂದೆ ಬರುತ್ತದೆ. ಜೀವಮಾನವಿಡೀ ಹೀಗೇ.

ಮೂತಿಯ ತಳಭಾಗದಲ್ಲಿ ಸೂಜಿಯಿಂದ ಚುಚ್ಚಿದಂತೆ ಕಪ್ಪು ಚುಕ್ಕೆಗಳ ಗುಂಪು ಕಾಣುತ್ತದೆ. ಮಾರುಕಟ್ಟೆಯಲ್ಲಿ ಮುಂದಿನ ಸಲ ತಾಟೆ ಕಂಡರೆ ಗಮನಿಸಿ. ಅವು ಬೆವರಿನ ರಂಧ್ರಗಳಲ್ಲ. ಲೋಳೆ ತುಂಬಿದ ಸಣ್ಣ ನಾಳಗಳ ಬಾಯಿಗಳು. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಇವುಗಳನ್ನು ವಿವರಿಸಿದ. ಇವುಗಳ ಕೆಲಸ ಏನೆಂದು ತಿಳಿಯಲು ಇಪ್ಪತ್ತನೇ ಶತಮಾನದವರೆಗೆ ಕಾಯಬೇಕಾಯಿತು. ಯಾವುದೇ ಪ್ರಾಣಿಯ ಹೃದಯ ಬಡಿದಾಗ, ಸ್ನಾಯು ಕುಗ್ಗಿದಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಶಾರ್ಕ್ ಈ ರಂಧ್ರಗಳ ಮೂಲಕ ಗ್ರಹಿಸುತ್ತದೆ. ಮರಳಿನಡಿ ಹೂತು ಕುಳಿತ ಮೀನು ಕಣ್ಣಿಗೆ ಕಾಣದಿದ್ದರೂ, ವಾಸನೆ ಬರದಿದ್ದರೂ ಇದಕ್ಕೆ ಗೊತ್ತಾಗುತ್ತದೆ. ಸುತ್ತಿಗೆ ತಲೆಯ ಶಾರ್ಕಿನ ತಲೆ ಅಷ್ಟು ಅಗಲವಾಗಿರುವುದಕ್ಕೆ ಒಂದು ಕಾರಣವೂ ಇದೇ. ಅಗಲ ತಲೆಯುದ್ದಕ್ಕೂ ಹರಡಿದ ರಂಧ್ರಗಳಿಂದ ಅದು ಒಂದೇ ಸಲಕ್ಕೆ ಹೆಚ್ಚು ನೆಲ ಜಾಲಾಡುತ್ತದೆ.

ಇನ್ನು ಮುಂದೆ ಹೇಳುವ ಮೂರು ಗುಣಗಳೇ ವ್ಯಾಪಾರದ ಬೇರುಗಳು.

ಮೊದಲನೆಯದು ರಕ್ತದಲ್ಲಿನ ಯೂರಿಯಾ. ಸಮುದ್ರದ ಉಪ್ಪು ಸಾಮಾನ್ಯ ಮೀನಿನ ಮೈಯಿಂದ ನೀರನ್ನು ಹೊರಗೆಳೆಯುತ್ತಲೇ ಇರುತ್ತದೆ. ಅಂಥ ಮೀನು ನೀರು ಕುಡಿಯುತ್ತ, ಉಪ್ಪನ್ನು ಹೊರಹಾಕುತ್ತ ಬದುಕಬೇಕು. ಶಾರ್ಕ್ ಹಿಡಿದದ್ದು ಬೇರೆ ದಾರಿ. ನಾವು ಮೂತ್ರದಲ್ಲಿ ಬಿಸಾಡುವ ಯೂರಿಯಾವನ್ನು ಅದು ರಕ್ತದಲ್ಲೂ ಮಾಂಸದಲ್ಲೂ ಉಳಿಸಿಕೊಂಡು ಮೈಯ ಸಾಂದ್ರತೆಯನ್ನು ಸಮುದ್ರದ ಮಟ್ಟಕ್ಕೆ ತರುತ್ತದೆ. ಜೀವ ಇರುವವರೆಗೆ ಇದು ಸೊಗಸಾದ ಏರ್ಪಾಡು. ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಆ ಯೂರಿಯಾವನ್ನು ಅಮೋನಿಯ ಮಾಡುತ್ತವೆ. ಕೂಡಲೇ ರಕ್ತ ಬಸಿದು ಮಂಜುಗಡ್ಡೆಯಲ್ಲಿ ಇಡದಿದ್ದರೆ ಶಾರ್ಕಿನ ಮಾಂಸ ಮೂಗಿಗೆ ಬಡಿಯುವ ನಾತ ಹಿಡಿಯುತ್ತದೆ. ಹಳೆಯ ತಾಟೆಯನ್ನು ತೊಳೆದವರಿಗೆ ಆ ವಾಸನೆ ಗೊತ್ತು.

ಎರಡನೆಯದು ರೆಕ್ಕೆಯ ರಚನೆ. ಬಂಗುಡೆಯ ರೆಕ್ಕೆಯಲ್ಲಿ ಸಣ್ಣ ಮೂಳೆಕಡ್ಡಿಗಳಿರುತ್ತವೆ. ಶಾರ್ಕಿನ ರೆಕ್ಕೆಯ ಬುಡದಲ್ಲಿ ಮೃದ್ವಸ್ಥಿ, ಅಲ್ಲಿಂದ ಅಂಚಿನವರೆಗೆ ಸಾವಿರಾರು ಪ್ರೋಟೀನ್ ಎಳೆಗಳು ಇಬ್ಬದಿಯಲ್ಲೂ ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ಬಾಗಿದರೂ ಮುರಿಯದ, ಬಿಟ್ಟರೆ ಮತ್ತೆ ನೆಟ್ಟಗಾಗುವ ಎಳೆಗಳು. ಬೆನ್ನಿನ ರೆಕ್ಕೆ ಮೈ ಹೊರಳದಂತೆ ಹಿಡಿಯುತ್ತದೆ, ಎದೆಯ ಎರಡು ರೆಕ್ಕೆಗಳು ಮೇಲಕ್ಕೆತ್ತುತ್ತವೆ ಮತ್ತು ದಿಕ್ಕು ತಿರುಗಿಸುತ್ತವೆ, ಬಾಲ ಮುಂದಕ್ಕೆ ನೂಕುತ್ತದೆ. ಇದೇ ಎಳೆಗಳನ್ನು ಒಣಗಿಸಿ, ನೆನೆಸಿ, ಮೇಲಿನ ಹಲ್ಲುಚರ್ಮ ಕೆರೆದು, ಬುಡದ ಮೃದ್ವಸ್ಥಿ ತೆಗೆದರೆ ಕೈಗೆ ಸಿಗುವುದು ಗಾಜಿನ ಹೊಳಪಿನ ಶಾವಿಗೆ. ಸೂಪಿಗೆ ಹಾಕುವುದು ಅದನ್ನೇ. ಅದಕ್ಕೆ ಸ್ವಂತ ರುಚಿ ಇಲ್ಲ, ಪರಿಮಳವೂ ಇಲ್ಲ. ರುಚಿ ಬರುವುದು ಕೋಳಿ ಮತ್ತು ಹಂದಿಮಾಂಸದ ಸಾರಿನಿಂದ. ಹಲ್ಲಿಗೆ ಸಿಗುವ ಹದಕ್ಕಾಗಿ, ಅದಕ್ಕಿಂತ ಹೆಚ್ಚಾಗಿ ಅದು ತರುವ ಪ್ರತಿಷ್ಠೆಗಾಗಿ ಜನ ಹಣ ಕೊಡುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸಂತಾನದ ಕ್ರಮ. ಒಂದು ಬೂತಾಯಿ ಹತ್ತಾರು ಸಾವಿರ ಮೊಟ್ಟೆ ಬಿಡುತ್ತದೆ. ಅದರ ರಾಶಿ ಒಂದು ವರ್ಷ ಕುಸಿದರೂ, ಸಮುದ್ರ ಅನುಕೂಲಿಸಿದರೆ, ಮತ್ತೆ ಏಳುತ್ತದೆ. ಶಾರ್ಕಿನದು ಹಾಗಲ್ಲ. ಗಂಡು ಹೆಣ್ಣು ಕೂಡಿ ದೇಹದೊಳಗೇ ಗರ್ಭಧಾರಣೆ. ಬಹುಪಾಲು ಪ್ರಭೇದಗಳು ಮರಿ ಹಾಕುತ್ತವೆ, ಕೆಲವು ಮಾತ್ರ ಗಟ್ಟಿ ಕೋಶದ ಮೊಟ್ಟೆ ಇಡುತ್ತವೆ. ಸ್ಪೈನಿ ಡಾಗ್‌ಫಿಶ್ ಎಂಬ ಶಾರ್ಕ್ ಸುಮಾರು ಎರಡು ವರ್ಷ ಬಸುರಾಗಿರುತ್ತದೆ, ಆನೆಯ ಹಾಗೆಯೇ. ಆಳಸಮುದ್ರದ ಗಲ್ಪರ್ ಶಾರ್ಕ್ ಅಷ್ಟೇ ಕಾಲ ಹೊತ್ತು ಹೆರುವುದು ಒಂದೋ ಎರಡೋ ಮರಿ. ಉತ್ತರ ಅಟ್ಲಾಂಟಿಕ್‌ನ ಗ್ರೀನ್‌ಲ್ಯಾಂಡ್ ಶಾರ್ಕಿನ ಕಣ್ಣಿನ ಮಸೂರವನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವುಗಳಲ್ಲಿ ದೊಡ್ಡದರ ವಯಸ್ಸು ಕನಿಷ್ಠ 272 ವರ್ಷ. ಹೆಣ್ಣು ಪ್ರಾಯಕ್ಕೆ ಬರುವುದೇ ಸುಮಾರು 150ನೇ ವಯಸ್ಸಿನಲ್ಲಿ. ಅಂಥದ್ದೊಂದು ಇಂದು ಮರಿ ಹಾಕುವ ವಯಸ್ಸಿಗೆ ಬಂದಿದ್ದರೆ, ಅದು ಹುಟ್ಟಿದ್ದು ಬ್ರಿಟಿಷರ ಕಾಲದಲ್ಲಿ. ಇದಕ್ಕೊಂದು ಅಪವಾದದಂತೆ ಕಾಣುವುದು ತಿಮಿಂಗಿಲ ಶಾರ್ಕ್. 1995ರಲ್ಲಿ ತೈವಾನಿನಲ್ಲಿ ಹಿಡಿದ ಬಸುರಿ ಶಾರ್ಕಿನ ಹೊಟ್ಟೆಯಲ್ಲಿ ಸುಮಾರು ಮುನ್ನೂರು ಮರಿಗಳಿದ್ದವು. ಆದರೆ ಅದೂ ಪ್ರಾಯಕ್ಕೆ ಬರಲು ದಶಕಗಳನ್ನೇ ತೆಗೆದುಕೊಳ್ಳುತ್ತದೆ.

ನಮ್ಮ ಬಂದರುಗಳಲ್ಲಿ ಅತಿ ಸಾಮಾನ್ಯವಾದ ಒಂದು ಸಣ್ಣ ಶಾರ್ಕಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೂತಿ ಸನಿಕೆಯ ಅಲಗಿನ ಹಾಗೆ ಚಪ್ಪಟೆ, ಕಣ್ಣು ಚಿಕ್ಕದು, ಎರಡನೆಯ ಬೆನ್ನುರೆಕ್ಕೆ ಇದ್ದೂ ಇಲ್ಲದಷ್ಟು ಪುಟ್ಟದು. ವೈಜ್ಞಾನಿಕ ಹೆಸರು ಸ್ಕೋಲಿಯೊಡಾನ್ ಲ್ಯಾಟಿಕಾಡಸ್. ಎರಡೂವರೆ ಅಡಿ ಮೀರುವುದಿಲ್ಲ. ಇದರ ಮೊಟ್ಟೆ ಶಾರ್ಕ್‌ಗಳಲ್ಲೇ ಅತಿ ಚಿಕ್ಕದು, ಸುಮಾರು ಒಂದು ಮಿಲಿಮೀಟರ್. ಅದರಲ್ಲಿ ಭ್ರೂಣಕ್ಕೆ ಸಾಲುವಷ್ಟು ಆಹಾರವೇ ಇಲ್ಲ. ಹಾಗಾಗಿ ತಾಯಿ ಗರ್ಭದೊಳಗೆ ಮಾಸು ಬೆಳೆಸಿ, ಹೊಕ್ಕುಳಬಳ್ಳಿಯ ಮೂಲಕ ಮರಿಗಳಿಗೆ ಉಣಿಸುತ್ತದೆ. ಮೀನುಗಳಲ್ಲೇ ಇಷ್ಟು ಮುಂದುವರಿದ ಮಾಸು ಅಪರೂಪ. ಹಾಲು ಹೆಚ್ಚುತ್ತದೆಂಬ ನಂಬಿಕೆಯಿಂದ ಬಾಣಂತಿಯ ತಟ್ಟೆಗೆ ಬರುವ ಈ ಮೀನು ತಾನೂ ಹೊಕ್ಕುಳಬಳ್ಳಿಯಲ್ಲಿ ಬೆಳೆದದ್ದು ಎಂಬುದು ಕರಾವಳಿಯ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಒಂದೆರಡು ವರ್ಷದಲ್ಲಿ ಪ್ರಾಯಕ್ಕೆ ಬರುವುದರಿಂದ ಈ ಸಣ್ಣ ತಾಟೆ ಮೀನುಗಾರಿಕೆಯ ಹೊಡೆತವನ್ನು ದೊಡ್ಡ ಶಾರ್ಕ್‌ಗಳಿಗಿಂತ ಹೆಚ್ಚು ತಾಳಿಕೊಂಡಿದೆ. ದೊಡ್ಡವು ತಾಳಲಾರದೆ ಹೋದವು.

ಈಗ ವ್ಯಾಪಾರಕ್ಕೆ ಬರುತ್ತೇನೆ. ರೆಕ್ಕೆಯ ಸೂಪು ಚೀನಾದಲ್ಲಿ ಶತಮಾನಗಳಿಂದ ಶ್ರೀಮಂತರ, ಅಧಿಕಾರಿಗಳ ಊಟವಾಗಿತ್ತು. ದೇಶದ ಆರ್ಥಿಕತೆ 1980ರ ದಶಕದಿಂದ ಬೆಳೆದಂತೆ ಅದು ಮದುವೆಯ ಊಟಕ್ಕೆ, ವ್ಯಾಪಾರಿಗಳ ಔತಣಕ್ಕೆ ಇಳಿದು ಬಂತು. ಅದೇ ಕಾಲಕ್ಕೆ ಟ್ಯೂನಾ ಹಿಡಿಯಲು ಸಾವಿರಾರು ಗಾಳಗಳ ಉದ್ದನೆಯ ಹಗ್ಗ ಬಿಡುವ ಹಡಗುಗಳು ಎಲ್ಲ ಸಾಗರಗಳಲ್ಲೂ ತುಂಬಿದ್ದವು. ಅವುಗಳ ಗಾಳಕ್ಕೆ ಶಾರ್ಕ್‌ಗಳೂ ಬೀಳುತ್ತಿದ್ದವು. ಹಡಗಿನ ಕ್ಯಾಪ್ಟನ್‌ನ ಲೆಕ್ಕ ನೋಡಿ. ಇಡೀ ಶಾರ್ಕ್ ಇಟ್ಟುಕೊಂಡರೆ ಯೂರಿಯಾದಿಂದ ಕೆಡುವ, ಬೆಲೆ ಕಡಿಮೆಯ ಮಾಂಸಕ್ಕಾಗಿ ಟ್ಯೂನಾದ ಶೀತಕೋಣೆಯನ್ನು ಖಾಲಿ ಮಾಡಬೇಕು. ರೆಕ್ಕೆಗಳು ಮಾತ್ರವಾದರೆ ತೂಕದ ನೂರರಲ್ಲಿ ಎರಡರಿಂದ ಐದು ಪಾಲು. ಮಂಜುಗಡ್ಡೆಯೂ ಬೇಡ, ಹಗ್ಗಕ್ಕೆ ಕಟ್ಟಿ ಒಣಗಿಸಿದರೆ ಸಾಕು. ಕಿಲೋಗೆ ನೂರಾರು ಡಾಲರ್. ಹೀಗೆ ಹುಟ್ಟಿತು ಫಿನ್ನಿಂಗ್. ಬೆನ್ನಿನದೊಂದು, ಎದೆಯವೆರಡು, ಬಾಲದ ಕೆಳಗಿನ ಎಸಳು, ಇವಿಷ್ಟನ್ನು ಕೊಯ್ದು ಉಳಿದ ಮೈಯನ್ನು ಮರಳಿ ನೀರಿಗೆ ಎಸೆಯುವುದು. ಎಷ್ಟೋ ಸಲ ಜೀವ ಇರುವಾಗಲೇ. ರೆಕ್ಕೆ ಇಲ್ಲದ ಶಾರ್ಕ್ ಈಜಲಾರದು. ಮುಂದಕ್ಕೆ ಈಜುತ್ತ ಕಿವಿರುಗಳ ಮೇಲೆ ನೀರು ಹಾಯಿಸಿಕೊಂಡೇ ಉಸಿರಾಡುವ ಪ್ರಭೇದಗಳು ತಳಕ್ಕೆ ಮುಳುಗಿ ಉಸಿರುಕಟ್ಟಿ ಸಾಯುತ್ತವೆ. ಇದನ್ನು ಹೇಳುವಾಗ ನನ್ನ ದನಿ ಈಗಲೂ ಸರಿಯಾಗಿ ಏಳುವುದಿಲ್ಲ.

ರೆಕ್ಕೆಗಳ ದೊಡ್ಡ ಸಂತೆ ಹಾಂಗ್‌ಕಾಂಗ್. ಅಲ್ಲಿನ ಶೆಂಗ್ ವಾನ್ ಪ್ರದೇಶದ ಒಣ ಸಮುದ್ರಾಹಾರದ ಅಂಗಡಿಗಳಲ್ಲಿ ರೆಕ್ಕೆಗಳನ್ನು ಗಾತ್ರಕ್ಕೆ ತಕ್ಕಂತೆ ಗಾಜಿನ ಜಾಡಿಗಳಲ್ಲಿ ಜೋಡಿಸಿಟ್ಟಿರುತ್ತಾರೆ. ಸಂಶೋಧಕಿ ಶೆಲ್ಲಿ ಕ್ಲಾರ್ಕ್ ಮತ್ತು ಸಂಗಡಿಗರು ಅಲ್ಲಿನ ಹರಾಜಿನ ದಾಖಲೆಗಳನ್ನು ಆಧರಿಸಿ 2006ರಲ್ಲಿ ಅಂದಾಜು ಪ್ರಕಟಿಸಿದರು: ರೆಕ್ಕೆಯ ವ್ಯಾಪಾರಕ್ಕಾಗಿ ವರ್ಷಕ್ಕೆ 2.6 ಕೋಟಿಯಿಂದ 7.3 ಕೋಟಿ ಶಾರ್ಕ್. ಅಲ್ಲಿ ಅತಿ ಹೆಚ್ಚು ಕಾಣುವುದು ನೀಲಿ ಶಾರ್ಕಿನ ರೆಕ್ಕೆ. ದಪ್ಪನೆಯ ಎಳೆಗಳು ಹೇರಳವಾಗಿರುವ ಸುತ್ತಿಗೆ ತಲೆಯ ಶಾರ್ಕ್‌ಗಳ ರೆಕ್ಕೆಗೆ ಬೆಲೆ ಹೆಚ್ಚು. ಅವುಗಳ ಬೆನ್ನುರೆಕ್ಕೆ ಎತ್ತರ, ಕಿರಿದು, ಬಣ್ಣ ತಿಳಿ. ಆದ್ದರಿಂದ ಅಳತೆಪಟ್ಟಿ ಹಿಡಿದು ತರಬೇತಾದ ಕಸ್ಟಮ್ಸ್ ಸಿಬ್ಬಂದಿ ಅದನ್ನು ರಾಶಿಯಲ್ಲೂ ಗುರುತಿಸಬಲ್ಲರು. ಚರ್ಮ ಕೆರೆದು ಎಳೆ ಬಿಡಿಸಿದ ಮೇಲೆ ಮಾತ್ರ ಡಿಎನ್ಎ ಪರೀಕ್ಷೆಯೇ ಗತಿ. ಸುತ್ತಿಗೆ ತಲೆಯವು ದೊಡ್ಡ ಗುಂಪುಗಳಲ್ಲಿ ಸೇರುತ್ತವೆ, ಗಾಳಕ್ಕೆ ಸಿಕ್ಕ ಒತ್ತಡಕ್ಕೇ ಬೇಗ ಸಾಯುತ್ತವೆ. ಅವುಗಳಲ್ಲಿ ಎರಡು ದೊಡ್ಡ ಪ್ರಭೇದಗಳು ಇಂದು ತೀವ್ರ ಅಪಾಯದ ಪಟ್ಟಿಯಲ್ಲಿವೆ. ನಮ್ಮ ಪಶ್ಚಿಮ ಕರಾವಳಿಯ ಬಲೆಗಳಿಗೂ ಅವುಗಳ ಮರಿಗಳು ಬೀಳುತ್ತವೆ.

ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದ ಶೇಕಡ 71ರಷ್ಟು ಕುಸಿದಿದೆ ಎಂದು 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ನನ್ನ ಜೀವಿತಾವಧಿಯೊಳಗೆ ನಡೆದ ಕುಸಿತ ಇದು.

ಹಾಗೆಂದು ಏನೂ ಬದಲಾಗಿಲ್ಲ ಎನ್ನುವುದು ತಪ್ಪು. ಬಾಸ್ಕೆಟ್‌ಬಾಲ್ ಆಟಗಾರ ಯಾವೊ ಮಿಂಗ್ ಸೂಪಿನ ವಿರುದ್ಧ ಚೀನಾದಲ್ಲಿ ವರ್ಷಗಟ್ಟಲೆ ಪ್ರಚಾರ ಮಾಡಿದರು. ಸರ್ಕಾರಿ ಔತಣಗಳಲ್ಲಿ ಅದನ್ನು ನಿಲ್ಲಿಸುವುದಾಗಿ ಚೀನಾ 2012ರಲ್ಲಿ ಹೇಳಿತು. ಅಲ್ಲಿ ಬೇಡಿಕೆ ಇಳಿಯಿತು. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ 2013ರಲ್ಲಿ ಸುತ್ತಿಗೆ ತಲೆಯವು ಸೇರಿದವು. 2022ರಲ್ಲಿ ಪನಾಮದ ಸಭೆಯಲ್ಲಿ ನೀಲಿ ಶಾರ್ಕ್ ಸೇರಿದಂತೆ ಅದರ ಇಡೀ ಕುಟುಂಬವೇ ಸೇರಿತು. ರೆಕ್ಕೆ ಮೈಗೆ ಅಂಟಿಕೊಂಡೇ ದಡಕ್ಕೆ ಬರಬೇಕು ಎಂಬ ನಿಯಮವನ್ನು ಹಲವು ದೇಶಗಳು ತಂದವು. ಆದರೆ 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನ್ನನ್ನು ಕಂಗೆಡಿಸಿತು. ಇಂಥ ಕಾನೂನುಗಳು ಹೆಚ್ಚುತ್ತಿದ್ದ 2012ರಿಂದ 2019ರ ನಡುವೆ ಮೀನುಗಾರಿಕೆಯಿಂದ ಸಾಯುವ ಶಾರ್ಕ್‌ಗಳು ವರ್ಷಕ್ಕೆ 7.6 ಕೋಟಿಯಿಂದ 8 ಕೋಟಿಗೆ ಏರಿದ್ದವು. ಕಾರಣ ಕಷ್ಟದ್ದೇನಲ್ಲ. ಇಡೀ ಮೈ ತರಲೇಬೇಕು ಎಂದಾಗ ಮಾಂಸಕ್ಕೂ ಮಾರುಕಟ್ಟೆ ಬೆಳೆಯಿತು. ಫಿನ್ನಿಂಗ್ ನಿಷೇಧ ಹಿಂಸೆಯನ್ನು ತಡೆಯುತ್ತದೆ. ಸಂಖ್ಯೆಯನ್ನು ತಡೆಯಲು ಹಿಡಿಯುವುದಕ್ಕೇ ಮಿತಿ ಬೇಕು. ಈ ಎರಡನ್ನು ನಾವು ಬಹಳ ಕಾಲ ಒಂದೇ ಎಂದು ಭಾವಿಸಿದೆವು.

ಭಾರತದಲ್ಲಿ ಇದು ಇನ್ನೂ ಸ್ಪಷ್ಟ. ನಮ್ಮ ದೋಣಿಗಳು ಶಾರ್ಕನ್ನು ಇಡಿಯಾಗಿಯೇ ತರುತ್ತವೆ, ಏಕೆಂದರೆ ಇಲ್ಲಿ ಹಸಿ ಮಾಂಸವೂ ಒಣಗಿದ್ದೂ ಖರ್ಚಾಗುತ್ತವೆ. ರೆಕ್ಕೆ ಬಂದರಿನಲ್ಲಿ ಬೇರೆಯಾಗಿ ದಲ್ಲಾಳಿಗಳ ಕೈ ಸೇರಿ ಪೂರ್ವ ಏಷ್ಯಾಕ್ಕೆ ಹೋಗುತ್ತಿತ್ತು. 2001ರ ಜುಲೈಯಲ್ಲಿ ಕೇಂದ್ರ ಸರ್ಕಾರ ಎಲ್ಲ ಶಾರ್ಕ್, ತೊರಕೆಗಳನ್ನೂ ಹುಲಿಗೆ ಸಮನಾದ ರಕ್ಷಣೆಯ ಪಟ್ಟಿಗೆ ಹಾಕಿತು. ಮೀನುಗಾರರು ಪ್ರತಿಭಟಿಸಿದರು. ಡಿಸೆಂಬರ್ ಹೊತ್ತಿಗೆ ಅದನ್ನು ಹತ್ತು ಪ್ರಭೇದಗಳಿಗೆ ಇಳಿಸಲಾಯಿತು. ಹೊಟ್ಟೆಪಾಡು ಯಾವುದರ ಮೇಲೆ ನಿಂತಿದೆಯೋ ಅದನ್ನು ಒಂದು ಅಧಿಸೂಚನೆಯಿಂದ ಕಸಿದುಕೊಂಡರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. 2013ರಲ್ಲಿ ರೆಕ್ಕೆ ಮೈಗಂಟಿರಬೇಕೆಂಬ ನೀತಿ, 2015ರ ಫೆಬ್ರವರಿಯಲ್ಲಿ ಎಲ್ಲ ಶಾರ್ಕ್ ರೆಕ್ಕೆಗಳ ರಫ್ತು ನಿಷೇಧ ಬಂದವು. ಆದರೂ 2018ರಲ್ಲಿ ಮುಂಬೈ ಮತ್ತು ಗುಜರಾತಿನ ವೆರಾವಲ್‌ನಲ್ಲಿ ಕಂದಾಯ ಗುಪ್ತಚರ ಅಧಿಕಾರಿಗಳು ಹಿಡಿದದ್ದು ಸುಮಾರು ಎಂಟು ಟನ್ ರೆಕ್ಕೆ.

ಅದೇ ವೆರಾವಲ್ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರ ಮೇ ತಿಂಗಳಲ್ಲಿ, ಮೀನುಗಳಲ್ಲೇ ಮೊದಲನೆಯದಾಗಿ, ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ಕಾನೂನಷ್ಟೇ ಸಾಲಲಿಲ್ಲ. 2004ರಿಂದ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಅರಣ್ಯ ಇಲಾಖೆ ಊರೂರಿಗೆ ಹೋದವು. ಕಥಾವಾಚಕ ಮೊರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳು ಎಂದು ಕರೆದರು. ಬಲೆಗೆ ಸಿಕ್ಕ ಶಾರ್ಕನ್ನು ಬಿಡಿಸಲು ಬಲೆ ಕತ್ತರಿಸಿದರೆ ಅದಕ್ಕೆ ಸರ್ಕಾರ ಪರಿಹಾರ ಕೊಡುವಂತಾಯಿತು. ಕೊಲ್ಲುತ್ತಿದ್ದ ಅದೇ ಕೈಗಳು ಈವರೆಗೆ ನೂರಾರು ಶಾರ್ಕ್‌ಗಳನ್ನು ಬಿಡಿಸಿವೆ. ಮಗಳೆಂಬ ಮಾತು ಮನಸ್ಸು ಕರಗಿಸಿತು ಎಂದು ಎಲ್ಲರೂ ಹೇಳುತ್ತಾರೆ. ಬಲೆಯ ಹಣ ಸಿಗದಿದ್ದರೆ ಆ ಮಾತು ಎಷ್ಟು ದಿನ ಬಾಳುತ್ತಿತ್ತು ಎಂದು ನಾನು ಕೇಳುತ್ತೇನೆ. ಎರಡೂ ಬೇಕಿತ್ತು.

ಪ್ರಶ್ನೆಗಳಿಗೆ ಬರುತ್ತೇನೆ. ಬಾಣಂತಿಗೆ ತಾಟೆ ಕೊಟ್ಟರೆ ಹಾಲು ಹೆಚ್ಚುತ್ತದೆಯೇ ಎಂದು ಹಿರಿಯ ಮಹಿಳೆಯೊಬ್ಬರು ಕೇಳಿದರು. ಪಥ್ಯದ ಹಿಂದಿನ ಅಕ್ಕರೆಯನ್ನು ನಾನು ಗೌರವಿಸುತ್ತೇನೆ. ಆದರೆ ಶಾರ್ಕ್ ಆಹಾರ ಸರಪಳಿಯ ಮೇಲಿನ ಮೆಟ್ಟಿಲಲ್ಲಿದೆ, ಬಹುಕಾಲ ಬದುಕುತ್ತದೆ. ಆದ್ದರಿಂದ ಸಮುದ್ರದ ಪಾದರಸ ಅದರ ಮಾಂಸದಲ್ಲಿ ಸೇರುತ್ತ ಹೋಗುತ್ತದೆ. ದೊಡ್ಡದಾದಷ್ಟೂ ಹೆಚ್ಚು. ಬಸುರಿಯರೂ ಬಾಣಂತಿಯರೂ ಶಾರ್ಕ್ ತಿನ್ನಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ ಇದೆ. ಬೂತಾಯಿಯಲ್ಲಿ ಪಾದರಸ ತೀರಾ ಕಡಿಮೆ, ಒಳ್ಳೆಯ ಕೊಬ್ಬು ಧಾರಾಳ. ನನ್ನ ಮನೆಯ ಬಾಣಂತಿಗಾದರೆ ನಾನು ಅದನ್ನೇ ತರುತ್ತೇನೆ.

ಹಿಂದಿನ ಸಾಲಿನಲ್ಲಿದ್ದ ಮೀನುಗಾರ ಯುವಕರೊಬ್ಬರು ಕೇಳಿದ್ದು: ಬಲೆಗೆ ಬಿದ್ದ ತಾಟೆ ಸಣ್ಣ ಜಾತಿಯದೋ ದೊಡ್ಡದರ ಮರಿಯೋ ಎಂದು ತಿಳಿಯುವುದು ಹೇಗೆ? ಇಡೀ ಸಂಜೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ಇದು. ಸುತ್ತಿಗೆ ತಲೆ ಇದ್ದರೆ ಗೊಂದಲವೇ ಇಲ್ಲ, ಒಂದೂವರೆ ಅಡಿ ಉದ್ದದ್ದು ಮರಿಯೇ. ಉಳಿದವನ್ನು ಹೊಟ್ಟೆ ಮೇಲಾಗಿ ತಿರುಗಿಸಿ. ಎದೆಯ ಎರಡು ರೆಕ್ಕೆಗಳ ನಡುವೆ, ಗಂಟಲಿನ ಕೆಳಗೆ, ಸಣ್ಣ ಸೀಳಿನಂಥ ಗಾಯ ಕಂಡರೆ ಅದು ಹೊಕ್ಕುಳಿನ ಗುರುತು. ಹುಟ್ಟಿ ಕೆಲವೇ ವಾರಗಳಾಗಿವೆ ಎಂದರ್ಥ. ಎರಡು ಅಡಿಯ ತಾಟೆಯಲ್ಲಿ ಆ ಗಾಯ ಇನ್ನೂ ಹಸಿಯಾಗಿದ್ದರೆ ಅದು ದೊಡ್ಡದಾಗಿ ಬೆಳೆಯುವ ಜಾತಿಯ ಮರಿ, ಏಕೆಂದರೆ ಸನಿಕೆ ಮೂತಿಯದು ಅಷ್ಟುದ್ದವಾಗುವ ಹೊತ್ತಿಗೆ ತಾನೇ ಮರಿ ಹಾಕಿರುತ್ತದೆ. ಗಿಲ್ ನೆಟ್‌ನಲ್ಲಿ ಸಿಕ್ಕದ್ದು ಕಿವಿರು ಬಡಿಯುತ್ತಿದ್ದರೆ ಬಾಲ ಹಿಡಿದು ನೇತಾಡಿಸದೆ, ಹೊಟ್ಟೆಗೆ ಅಂಗೈ ಕೊಟ್ಟು ನೀರಿಗೆ ಬಿಡಿ. ಅಂಥ ಮರಿಗಳು ಒಂದೇ ಜಾಗದಲ್ಲಿ ಒಂದೇ ತಿಂಗಳಲ್ಲಿ ಪದೇ ಪದೇ ಸಿಗುತ್ತಿದ್ದರೆ ಆ ಜಾಗವನ್ನು, ಆಳವನ್ನು ಬರೆದಿಡಿ. ದೊಡ್ಡ ತಾಟೆಗಳು ನಮ್ಮ ಕರಾವಳಿಯಲ್ಲಿ ಎಲ್ಲಿ ಮರಿ ಹಾಕುತ್ತವೆ ಎಂದು ಹೇಳುವಷ್ಟು ದಿನನಿತ್ಯದ ಪರಿಚಯ ಸಮುದ್ರದೊಂದಿಗೆ ಇರುವುದು ನಿಮಗೆ.